ಹಳಿ ಇಲ್ಲದ ಗಾಡಿಯೂ ಸುರಂಗದ ವೈರೂ

ನಮ್ಮ ಕಡೆ ವೈರನ್ನು ದುಡ್ಡು ಕೊಟ್ಟು ಕೊಂಡವರನ್ನು ನಾನು ಕಂಡಿದ್ದು ಬಹಳ ಕಡಿಮೆ. ವಾಡಿಯ ಸುತ್ತ ಸಿಮೆಂಟಿಗಾಗಿ ಸುಣ್ಣಕಲ್ಲು ಒಡೆಯುವ ಖಣಿಗಳಿವೆ. ಬಂಡೆಗೆ ತೂತು ಕೊರೆದು, ಮದ್ದು ತುಂಬಿ, ಹಾರಿಸುವುದಕ್ಕೆ ಇಲ್ಲಿ ಸುರಂಗ ಹಚ್ಚುವುದು ಎನ್ನುತ್ತಾರೆ. ಬಂಡೆ ಹಾರಿದ ಮೇಲೆ ಹಳದಿ ಬಣ್ಣದ ತುಂಡು ವೈರುಗಳು ಖಣಿಯ ತುಂಬ ಬಿದ್ದಿರುತ್ತವೆ. ಅವು ಮನೆಮನೆಗೆ ಬಂದು ಬಟ್ಟೆ ಒಣಹಾಕುವ ಹಗ್ಗವಾಗುತ್ತವೆ, ತರಕಾರಿಯ ಬುಟ್ಟಿಯಾಗುತ್ತವೆ, ಬಾಗಿಲಿಗೆ ತೋರಣವಾಗುತ್ತವೆ. ಚಿತ್ತಾಪುರದ ಕೋರ್ಟಿನಲ್ಲಿ ನಾನು ವಕೀಲಿ ಮಾಡುತ್ತಿದ್ದ ಕಾಲದಲ್ಲಿ ನನ್ನ ಕೇಸಿನ ಕಾಗದಗಳನ್ನೆಲ್ಲ ಕಟ್ಟಿಟ್ಟಿದ್ದು ಈ ವೈರಿನಿಂದಲೇ. ನನ್ನ ಕನ್ನಡಕದ ಒಂದು ಕಾಲು ಕೂಡ ಅದರ ಆಸರೆಯಲ್ಲೇ ನಿಂತಿತ್ತು.

ಈ ವೈರು ನಮ್ಮ ಮನೆಗೆ ಬರುತ್ತಿದ್ದದ್ದು ಸೋದರಮಾವ ಸಾಬಣ್ಣನಿಂದ. ಮಾವ ಖಣಿಯಲ್ಲಿ ಸುರಂಗ ಹಚ್ಚುವವನು. ಎದೆ ಅಗಲ, ಮೀಸೆ ಅದಕ್ಕಿಂತ ಅಗಲ. ಆಯುಷ್ಯವೆಲ್ಲ ಆ ಸದ್ದಿನ ಪಕ್ಕದಲ್ಲೇ ಕಳೆದು ಅವನ ಕಿವಿ ಅರ್ಧ ಬಾಗಿಲು ಹಾಕಿಕೊಂಡಿತ್ತು. ಆದರೆ ಅದನ್ನು ಅವನ ಮುಂದೆ ಹೇಳುವ ಧೈರ್ಯ ಯಾರಿಗೂ ಇರಲಿಲ್ಲ; ಹೇಳಿದ್ದರೂ ಕೇಳಿಸುತ್ತಿರಲಿಲ್ಲ.

ಮಾವನ ತಾಯಿ, ಎಂದರೆ ನನ್ನ ಅಜ್ಜಿ, ನಮಗೆಲ್ಲ ಆಯಿ. ವಾಡಿ ಜಂಕ್ಷನ್ನಿನ ಬಗಲಲ್ಲೇ ಬದುಕಿದ ಜೀವ ಅದು. ರೈಲು ಬಿಟ್ಟು ಬೇರೆ ಯಾವ ವಾಹನವನ್ನೂ ಆಕೆ ನಂಬುತ್ತಿರಲಿಲ್ಲ. ಬಸ್ಸೂ ಬೇಡ, ಜೀಪೂ ಬೇಡ. "ಹಳಿ ಇಲ್ಲದ ಗಾಡಿಗಿ ದಾರಿ ಹ್ಯಾಂಗ ತಿಳೀತದೋ?" ಎಂದು ನನ್ನನ್ನೇ ಕೇಳುತ್ತಿದ್ದಳು.

ಆಯಿಯ ಈ ಹಟದಿಂದ ನಮ್ಮ ಮನೆತನದ ಬೀಗಸ್ತನವೆಲ್ಲ ರೈಲ್ವೆ ಹಳಿಯ ಗುಂಟವೇ ನಡೆದಿತ್ತು. ಶಹಾಬಾದ, ನಾಲವಾರ, ಯಾದಗಿರಿ, ಹೀಗೆ ರೈಲು ನಿಲ್ಲುವ ಊರಿನಲ್ಲೇ ವರ ಸಿಗಬೇಕು. ಏಕೆಂದರೆ ನಮ್ಮ ಮನೆಯ ಹೆಣ್ಣುಮಗಳು ಲಗ್ನಕ್ಕೆ ಹೊರಟರೆ ಆಯಿ ಜೊತೆಗೆ ಹೋಗಿ, ಬೀಸುವ ಹಾಡು ಹೇಳುತ್ತ, ಗಂಡಿನ ಮನೆಯ ಹೊಸ್ತಿಲ ತನಕ ಮುಟ್ಟಿಸಬೇಕು. ಅದು ನಮ್ಮಲ್ಲಿಯ ಪದ್ಧತಿ. ಆಯಿ ಹಾಡದೆ ಯಾರೂ ಹೊಸ್ತಿಲು ದಾಟಿದ್ದಿಲ್ಲ. ಜಾತಕ ಕೂಡದಿದ್ದರೂ ನಡೆಯುತ್ತಿತ್ತು, ರೈಲು ಕೂಡಬೇಕಿತ್ತು.

ಹೀಗಿರುವಾಗ ಮಾವನ ಮಗಳು ಮಲ್ಲಮ್ಮನಿಗೆ ಚಿಂಚೋಳಿಯ ವರ ಗೊತ್ತಾದ. ಹುಡುಗ ಮಾಸ್ತರ, ಮನೆತನ ಒಳ್ಳೆಯದು, ಹುಡುಗಿ ಒಪ್ಪಿದ್ದಾಳೆ. ಎಲ್ಲ ಸರಿ, ಚಿಂಚೋಳಿಗೆ ರೈಲು ಮಾತ್ರ ಇಲ್ಲ. ಲಗ್ನ ಅವರ ಊರಿನಲ್ಲೇ. ಮಲ್ಲಮ್ಮ ಆಯಿಯ ಪಕ್ಕದಲ್ಲೇ ಬೆಳೆದವಳು. ಚಿಕ್ಕಂದಿನಲ್ಲಿ ಬೀಸುಕಲ್ಲಿನ ಹತ್ತಿರ ಆಯಿಯ ತೊಡೆಯ ಮೇಲೆ ತಲೆಯಿಟ್ಟರೇ ಅವಳಿಗೆ ನಿದ್ದೆ. ಆಯಿ ಬರದಿದ್ದರೆ ತಾನೂ ಹೊರಡುವುದಿಲ್ಲ ಎಂದು ಕುಳಿತುಬಿಟ್ಟಳು. ಆಯಿ ಅತ್ತಳು, ಮೂಗು ಒರೆಸಿಕೊಂಡಳು, ಆದರೆ ಹಳಿ ಇಲ್ಲದ ಗಾಡಿ ಹತ್ತಲು ಮಾತ್ರ ಒಪ್ಪಲಿಲ್ಲ.

ಆಗ ನನ್ನ ತಲೆಗೊಂದು ಉಪಾಯ ಹೊಳೆಯಿತು. ಕ್ಯಾಸೆಟ್ಟುಗಳು ನಮ್ಮ ಸೀಮೆಗೆ ಆಗಷ್ಟೇ ಕಾಲಿಟ್ಟಿದ್ದವು. ನನ್ನ ಹತ್ತಿರ ಒಂದು ಹಳೆಯ ಕಾರಿತ್ತು. ಅದು ಕೋರ್ಟಿನ ತಿರುವಿಗೆ ಬಂದ ಸದ್ದು ಕೇಳಿಯೇ ಗುಮಾಸ್ತರು ನನ್ನ ಫೈಲು ತೆಗೆದಿಡುತ್ತಿದ್ದರು. ಆ ಕಾರಿಗೆ ಟೇಪು ಕೂರಿಸಿ, ಆಯಿಯ ಹಾಡು ತುಂಬಿಕೊಂಡು ಹೋದರೆ? ಆಯಿ ವಾಡಿಯಲ್ಲೇ ಇರುತ್ತಾಳೆ, ಹಾಡು ಚಿಂಚೋಳಿಯ ಹೊಸ್ತಿಲಿಗೆ ಮುಟ್ಟುತ್ತದೆ. ಮಲ್ಲಮ್ಮ, "ಆಯಿ ಧ್ವನಿ ಇದ್ದಂಗೇ ಬರಬೇಕು ನೋಡು ಭಾವ. ಇಲ್ಲಂದ್ರ ನಾ ಅಲ್ಲಿಂದಲೇ ತಿರುಗಿ ಬರತೀನಿ" ಎಂದು ಷರತ್ತು ಹಾಕಿದಳು. ಮಲ್ಲಮ್ಮ ಆಡಿದಂತೆ ಮಾಡುವವಳೆಂದು ನಮಗೆಲ್ಲ ಗೊತ್ತಿತ್ತು.

ಹಾಡು ತುಂಬುವುದು ಸುಲಭವಾಯಿತು. ಆಯಿ ಬೀಸುಕಲ್ಲಿನ ಮುಂದೆ ಕುಳಿತು, ಜೋಳ ಹಾಕಿಕೊಂಡು, ಬೀಸುತ್ತಲೇ ಹಾಡಿದಳು. ಬೀಸದೆ ಹಾಡು ಅಂದರೆ ಆಕೆಗೆ ಬಾಯೇ ಬರುತ್ತಿರಲಿಲ್ಲ.

ಕಷ್ಟವಾದದ್ದು ವೈರು ಆರಿಸುವುದು. ಶಹಾಬಾದಿನ ರೇಡಿಯೋ ಅಂಗಡಿಯವನು ಟೇಪಿನ ಜೊತೆ ಎರಡು ಸ್ಪೀಕರು ಕೊಟ್ಟು, ಬ್ಯಾಟರಿಯಿಂದ ಟೇಪಿಗೆ ದಪ್ಪ ವೈರು, ನಡುವೆ ಫ್ಯೂಜು ಎಂದ. ಆಮೇಲೆ ಸ್ಪೀಕರಿಗೆಂದು ಒಂದು ಜೋಡಿ ವೈರು ತೋರಿಸಿದ. ಎರಡು ಎಳೆ ಅಂಟಿಕೊಂಡೇ ಇದ್ದವು, ಒಂದರ ಮೈಮೇಲೆ ಗೆರೆ. "ಗೆರೆ ಇದ್ದದ್ದು ಎರಡೂ ಕಡೆ ಒಂದೇ ಗುರುತಿನ ಮೊಳೆಗಿ ಹಚ್ಚರಿ ಸಾಬ್. ಎರಡೂ ಸ್ಪೀಕರ್ ಕೂಡೇ ಉಸಿರು ಬಿಡಬೇಕು, ಕೂಡೇ ಎಳೀಬೇಕು" ಎಂದ. ನಾನು ತಲೆಯಾಡಿಸಿದೆ. ಅರ್ಥವಾಗದಿದ್ದಾಗ ಗಂಭೀರವಾಗಿ ತಲೆಯಾಡಿಸುವುದು ವಕೀಲಿಯ ಮೊದಲ ಪಾಠ.

ಜೊತೆಗಿದ್ದ ಮಾವನಿಗೆ ಮಾತ್ರ ಸಿಟ್ಟು ಬಂತು. ದಪ್ಪ ವೈರಿಗೆ ಒಪ್ಪಿದ, ಗೆರೆಯ ವೈರನ್ನು ಅಲ್ಲೇ ದುಡ್ಡಿನ ಗಲ್ಲೆಯ ಮೇಲೆ ಬಿಟ್ಟ. "ಸುರಂಗ ಹಚ್ಚಾಂವನ ಮಗಳ ಲಗ್ನಕ್ಕ ಪರದೇಸಿ ವೈರಾ? ಈ ಕೈಲೆ ಗುಡ್ಡ ಹಾರಿಸೀನಿ. ಎರಡು ಡಬ್ಬಿ ಹಾಡಸಲಿಕ್ಕಿ ಬರಲ್ಲೇನು ನನಗ?" ಎಂದು ಅಂಗಡಿಯೆಲ್ಲ ಕೇಳುವಂತೆ ಗುಡುಗಿದ.

ಮಾವನ ಮಾತು ಸುಳ್ಳಲ್ಲ. ವೈರು ಸೇರಿಸುವುದರಲ್ಲಿ ಅವನನ್ನು ಮೀರಿಸುವವರು ಖಣಿಯಲ್ಲೇ ಇರಲಿಲ್ಲ. ಕಾರಿನ ಹಿಂದಿನ ಸೀಟಿನ ಬೆನ್ನಿಗಿರುವ ಹಲಗೆಗೆ ಎಡಕ್ಕೊಂದು ಬಲಕ್ಕೊಂದು ಸ್ಪೀಕರು ಕೂರಿಸಿ, ಡಿಕ್ಕಿಯೊಳಗೆ ತೂರಿಕೊಂಡು, ಹಳದಿ ವೈರಿನ ತುದಿಗಳನ್ನು ಹಲ್ಲಿನಿಂದ ಸುಲಿದು, ಬಿಗಿಯಾಗಿ ಹೊಸೆದ. ಒಂದೂ ಹಳದಿ, ಇನ್ನೊಂದೂ ಹಳದಿ. ಯಾವುದು ಎಲ್ಲಿಗೆ ಎಂದು ನಾನು ಕೇಳಿದ್ದಕ್ಕೆ ಮಾವ ನಕ್ಕ. "ವಕೀಲಸಾಬ್, ಸುರಂಗಕ್ಕ ಉಲ್ಟಾ ಸೀದಾ ಅಂಬೋದು ಇಲ್ಲ. ಹ್ಯಾಂಗ ಹಚ್ಚಿದರೂ ಹಾರತದ." ಹಚ್ಚಿದ ಮೇಲೆ ಟೇಪು ಹಾಡಿತು. ನಾನು ಕಾರಿನ ಒಂದು ಬಾಗಿಲಲ್ಲಿ ನಿಂತು ಕೇಳಿದೆ, ಚೆನ್ನಾಗಿತ್ತು. ಮಾವ ಎದುರು ನಿಂತು, ಕೇಳಿದವನ ಹಾಗೆ ಮೀಸೆ ತಿರುವಿದ.

ಹೊರಡುವ ದಿನ ಬೆಳಿಗ್ಗೆ ಹಿಂದಿನ ಸೀಟಿನಲ್ಲಿ ಒಂದು ಕಿಟಕಿಗೆ ನನ್ನ ಅವ್ವ, ಇನ್ನೊಂದು ಕಿಟಕಿಗೆ ಅತ್ತೆ, ನಟ್ಟನಡುವೆ ಮಲ್ಲಮ್ಮ. ದೃಷ್ಟಿಯಾಗುತ್ತದೆಂದು ನಮ್ಮಲ್ಲಿ ಮದುಮಗಳನ್ನು ಕಿಟಕಿಗೆ ಕೂರಿಸುವುದಿಲ್ಲ. ಮುಂದೆ ನನ್ನ ಪಕ್ಕದಲ್ಲಿ ಮಾವ. ಉಳಿದ ನೆಂಟರು ಬಸ್ಸಿನಲ್ಲಿ. ಆಯಿ ಬಾಗಿಲಲ್ಲಿ ನಿಂತು ಕಾರಿನ ಗಾಲಿಗಳನ್ನು ಅನುಮಾನದಿಂದ ನೋಡುತ್ತಿದ್ದಳು.

ಚಿತ್ತಾಪುರ ದಾಟಿದ ಮೇಲೆ ಟೇಪು ಹಚ್ಚಿದೆ. ಆಯಿಯ ಹಾಡು ಶುರುವಾಯಿತು. ಅವ್ವ ಸೆರಗಿನಿಂದ ಕಣ್ಣೊತ್ತಿಕೊಂಡಳು, ಅತ್ತೆ ಬಿಕ್ಕಿದಳು. ಮಲ್ಲಮ್ಮ ಮಾತ್ರ ಹುಬ್ಬು ಗಂಟಿಕ್ಕಿದಳು.

"ಬೀಸುಕಲ್ಲಿನ ಸಪ್ಪಳ ಎಲ್ಲಿ ಹೋಯ್ತು?"

"ಬರಲಿಕತ್ತದಲ್ಲ ತಾಯಿ" ಎಂದಳು ಅವ್ವ. ಅತ್ತೆಯೂ ಹೌದೆಂದಳು. ಮಾವ ಹಿಂದಕ್ಕೆ ತಿರುಗಿ, "ಕಲ್ಲು ಗುರ್ರ್ ಅನ್ನಲಿಕತ್ತದ!" ಎಂದು ಸಾಕ್ಷಿ ನುಡಿದ. ಮಲ್ಲಮ್ಮ ಅವ್ವನ ಭುಜಕ್ಕೆ ವಾಲಿದಳು, ಆ ಕಡೆ ಕಲ್ಲು ಕೇಳಿಸಿತು. ನಡುವೆ ಬಂದಳು, ಕಲ್ಲು ಮಾಯ. ಅತ್ತೆಯ ಕಡೆ ವಾಲಿದಳು, ಮತ್ತೆ ಬಂತು. ಮಳಖೇಡ ಬರುವಷ್ಟರಲ್ಲಿ ಅವಳ ಕಣ್ಣು ತುಂಬಿತ್ತು. "ಬಂದ್ ಮಾಡು ಭಾವ. ಯಾರೋ ಡಬ್ಬ್ಯಾಗ ಕುಂತು ಆಯಿ ನಕಲು ಮಾಡಿದಂಗ ಅದ. ಗಾಡಿ ವಾಡಿಗಿ ತಿರುಗಸು."

ಗಾಡಿ ನಿಂತಿತು. ನಾನು ಮಲ್ಲಮ್ಮನಿಗೆ ಕಿಟಕಿಗೆ ಕೂರು ಎಂದರೆ ಅವ್ವ, ಅತ್ತೆ ಇಬ್ಬರೂ ಒಟ್ಟಿಗೆ ಬಾಯಿ ಮಾಡಿದರು. ಮಾವನ ಮುಖ ಇಳಿಯಿತು. ಅವನು ತನ್ನ ತಾಯಿಯ ಧ್ವನಿಯನ್ನು ತನ್ನ ಕೈಯಾರೆ ಮಗಳ ತನಕ ತಂದವನು. ಅದು ಅವಳೊಬ್ಬಳಿಗೇ ಮುಟ್ಟಿಲ್ಲವೆಂದರೆ!

ಹಿಂದೊಮ್ಮೆ ರಾಜಧಾನಿಯಾಗಿದ್ದ ಊರಿನ ಹಾಳು ಕೋಟೆಯನ್ನು ನೋಡುತ್ತ ನಾನು ಯೋಚಿಸಿದೆ. ರಾಜರ ವಿಷಯ ಏನೂ ಹೊಳೆಯಲಿಲ್ಲ, ನನ್ನ ಒಂದು ಕೇಸು ನೆನಪಾಯಿತು. ಇಬ್ಬರು ಸಾಕ್ಷಿಗಳು, ಇಬ್ಬರದೂ ಗಟ್ಟಿ ಗಂಟಲು. ಒಬ್ಬ ಹೌದೆಂದರೆ ಇನ್ನೊಬ್ಬ ಅಲ್ಲ. ಒಬ್ಬೊಬ್ಬನ ಪಕ್ಕದಲ್ಲಿ ಕುಳಿತವರಿಗೆ ಅವನವನ ಮಾತು ಚೆನ್ನಾಗಿ ಕೇಳಿತ್ತು. ನಡುವೆ ಕುಳಿತ ಜಡ್ಜ್ ಸಾಹೇಬರ ಕೈಗೆ ಮಾತ್ರ ಏನೂ ಸಿಕ್ಕಿರಲಿಲ್ಲ. ಒಂದು ಸ್ಪೀಕರು ಉಸಿರು ಬಿಡುವಾಗ ಇನ್ನೊಂದು ಎಳೆದುಕೊಂಡರೂ ಇದೇ ಗತಿಯಲ್ಲವೇ? ಅಂಗಡಿಯವನ ಗೆರೆಯ ವೈರು ಈಗ ನನಗೆ ಅರ್ಥವಾಯಿತು.

"ಮಾವ, ಒಂದು ಕಡೆ ವೈರು ಅದಲು ಬದಲು ಮಾಡ್ರಿ" ಎಂದು ಕಿವಿಯ ಹತ್ತಿರ ಕೂಗಿದೆ. ಸುರಂಗಕ್ಕೆ ಉಲ್ಟಾ ಇಲ್ಲವೆಂದು ಮತ್ತೆ ವಾದಿಸುತ್ತಾನೆಂದುಕೊಂಡಿದ್ದೆ. ಆದರೆ ಮಾವ ರುಮಾಲು ತೆಗೆದಿಟ್ಟು ಡಿಕ್ಕಿಯೊಳಗೆ ತೂರಿದ. ತಾನೇ ಬಿಗಿದ ಗಂಟು ಬೆರಳಿಗೆ ಬರದೆ ಹಲ್ಲಿನಿಂದ ಬಿಡಿಸಿ, ಎಡಗಡೆಯ ಎರಡು ತುದಿಗಳನ್ನು ಅತ್ತಿತ್ತ ಮಾಡಿ ಹೊಸೆದ.

ಟೇಪು ಮತ್ತೆ ಹಚ್ಚಿದೆ. ಕಲ್ಲು ತಿರುಗಿತು. ಮೊದಲು ಸಣ್ಣಗೆ, ಆಮೇಲೆ ಸೀಟಿನ ಕೆಳಗಿನಿಂದಲೇ ಎಂಬಂತೆ ಆ ಭಾರದ ಗುರುಗುಟ್ಟುವಿಕೆ. ಅದರ ಮೇಲೆ ಆಯಿಯ ಹಾಡು. ನಡುವೆ ಹಾಡು ನಿಲ್ಲಿಸಿ ಆಯಿ, "ಏ ಸಾಬ್ಯಾ, ಆ ಆಡು ಹೊಡೀ, ಜೋಳಕ್ಕ ಬಾಯಿ ಹಾಕಲಿಕತ್ತದ!" ಎಂದು ಬೈದದ್ದೂ ಬಂತು. ಮಲ್ಲಮ್ಮ ಅಳುತ್ತಿದ್ದವಳು ನಕ್ಕಳು, ನಗುತ್ತ ಇನ್ನೂ ಜೋರಾಗಿ ಅತ್ತಳು.

ಡಿಕ್ಕಿಯಿಂದ ಮಾವ ಹೊರಗೆ ಬರಲೇ ಇಲ್ಲ. ಹೋಗಿ ನೋಡಿದರೆ ಸ್ಪೀಕರಿನ ಬೆನ್ನಿಗೆ ಅಂಗೈ ಒತ್ತಿ ಹಿಡಿದುಕೊಂಡು ಕುಳಿತಿದ್ದ. ಮೀಸೆ ನೆನೆದಿತ್ತು. "ಈಗ ಗೊತ್ತಾಗಲಿಕತ್ತದ ಅಳಿಯಾ" ಎಂದ. "ನಮ್ಮವ್ವನ ಕಲ್ಲು ಕೈಯಾಗ ತಿರುಗಲಿಕತ್ತದ." ನಮ್ಮೆಲ್ಲರಿಗಿಂತ ಅವನೇ ಚೆನ್ನಾಗಿ ಕೇಳಿದನೆಂದು ನನಗೆ ಇವತ್ತಿಗೂ ಅನ್ನಿಸುತ್ತದೆ.

ಸೇಡಂ ದಾಟಿ ಚಿಂಚೋಳಿ ಮುಟ್ಟಿದೆವು. ಬೀಗರು ಆರತಿ ಹಿಡಿದು ಕಾದಿದ್ದರು. ಕಾರಿನ ನಾಲ್ಕೂ ಬಾಗಿಲು ತೆರೆದು ಹಾಡು ಹಚ್ಚಿಟ್ಟೆ. ಆಯಿ ಹಾಡುತ್ತಿದ್ದಂತೆಯೇ ಮಲ್ಲಮ್ಮ ಹೊಸ್ತಿಲು ದಾಟಿದಳು.

ಲಗ್ನ ಮುಗಿಸಿ ವಾಡಿಗೆ ಬಂದು ಆಯಿಗೆ ಎಲ್ಲವನ್ನೂ ಹೇಳಿದೆ. ಎರಡು ತಂತಿ, ಎರಡೂ ಸಮನಾಗಿ ಒಂದೇ ದಿಕ್ಕಿಗೆ ನಡೆಯಬೇಕು, ಒಂದು ತಪ್ಪಿದರೂ ಹಾಡು ಮುಟ್ಟುವುದಿಲ್ಲ ಎಂದು ವಿವರಿಸಿದೆ. ಆಕೆ ಎಲೆಗೆ ಸುಣ್ಣ ಹಚ್ಚುತ್ತ ಕೇಳಿಸಿಕೊಂಡಳು. ಎದ್ದು ಬಂದು ಡಿಕ್ಕಿ ತೆರೆಸಿದಳು. ಜೋಡಿಯಾಗಿ ಸಾಗಿದ್ದ ಹಳದಿ ವೈರುಗಳ ಮೇಲೆ ಬೆರಳಾಡಿಸುತ್ತ ಈ ತುದಿಯಿಂದ ಆ ತುದಿಯ ತನಕ ನೋಡಿದಳು.

"ಮತ್ತ ಮೊದಲೇ ಹೇಳಬಾರದೇನೋ ಮೂಳಾ?" ಎಂದಳು. "ಇದಕ್ಕೂ ಹಳಿ ಅದಾವ."

ಬಾಗಿಲು ತೆಗೆದು, ಹಿಂದಿನ ಸೀಟಿನಲ್ಲಿ ನಟ್ಟನಡುವೆ ಕುಳಿತು, ಸೀರೆಯ ನಿರಿಗೆ ಸರಿಮಾಡಿಕೊಂಡಳು.

"ನಡೀ, ಮಲ್ಲಿ ಮನಿಗಿ."