ಮೊದಲ ಪುಟದ ಸೇಬು

ನೇಪಾಳದ ಒಂದು ಮಕ್ಕಳ ಆಶ್ರಮಕ್ಕೆ ಪಾಠ ಹೇಳಲು ಹೋದಾಗ ನನಗೆ ಸ್ವಲ್ಪ ಜಂಬವೇ ಇತ್ತು. ಮಕ್ತಲ್‌ನಲ್ಲಿ ವರ್ಷಗಟ್ಟಲೆ ಇಂಗ್ಲಿಷ್ ಕಲಿಸಿದವಳು; ಮೂರು ತಿಂಗಳು ರಜೆ ಹಾಕಿ, ಸಂಬಳವಿಲ್ಲದೆ ಹೋಗಿದ್ದೆ. ಅಲ್ಲಿದ್ದವರು ಅಪ್ಪ ಅಮ್ಮ ಇಲ್ಲದ ಮಕ್ಕಳು, ಇಲ್ಲವೇ ಕೊಲ್ಲಿ ದೇಶಗಳಿಗೆ ದುಡಿಯಲು ಹೋದವರ ಮಕ್ಕಳು. ನನಗಾಗಿಯೇ ಕಾದು ಕುಳಿತಿರುತ್ತಾರೆ ಅಂದುಕೊಂಡಿದ್ದೆ.

ಮೊದಲ ದಿನ ಇಂಗ್ಲಿಷ್ ಅಕ್ಷರಮಾಲೆಯ ಪುಸ್ತಕ ತೆರೆದು ಸೇಬಿನ ಚಿತ್ರದ ಮೇಲೆ ಬೆರಳಿಟ್ಟೆ. ನಾನು ಬಾಯಿ ಬಿಡುವ ಮೊದಲೇ ಮುಂದಿನ ಸಾಲಿನ ಹುಡುಗಿ, ಒಂಬತ್ತು ವರ್ಷದವಳಿರಬೇಕು, ಎಲ್ಲ ಅಕ್ಷರಗಳನ್ನೂ ಚಿತ್ರಗಳ ಹೆಸರಿನ ಸಮೇತ ಒಂದೇ ಉಸಿರಿಗೆ ಒಪ್ಪಿಸಿ, ಕೈಕಟ್ಟಿ ಕುಳಿತಳು. ಆದರೆ ಬೇರೆ ಪುಸ್ತಕ ಕೊಟ್ಟರೆ ಒಂದು ಸಾಲೂ ಓದಲು ಬರಲಿಲ್ಲ.

“ಬಂದವರೆಲ್ಲ ಸೇಬಿನಿಂದಲೇ ಶುರು ಮಾಡುತ್ತಾರೆ ಮಿಸ್,” ಎಂದಳು ಹಿಂದಿಯಲ್ಲಿ. “ನಮಗೆ ಓದಲು ಬರುವ ಮೊದಲೇ ಹೊರಟುಬಿಡುತ್ತಾರೆ. ನೀವು ಯಾವಾಗ ಹೋಗುತ್ತೀರಿ?”

ನನ್ನ ಜಂಬವೆಲ್ಲ ಜರ್ರನೆ ಇಳಿಯಿತು. ಅವಳಿಗೆ ಇದ್ದದ್ದು ಒಂದೇ ಆಸೆ. ಕಪಾಟಿನಲ್ಲಿ ದಾರಿ ತಪ್ಪಿದ ಮೇಕೆಮರಿಯ ಕಥೆಪುಸ್ತಕವಿತ್ತು. ಮರಿ ಮನೆ ಸೇರುತ್ತದೋ ಇಲ್ಲವೋ ಎಂದು ತಾನೇ ಓದಿ ತಿಳಿಯಬೇಕು. ದಿನಾ ಸಂಜೆ ಇಬ್ಬರೂ ಕೂತೆವು. ಎರಡು ತಿಂಗಳಾದರೂ ನಮ್ಮ ಓದಿನಲ್ಲಿ ಮರಿ ಇನ್ನೂ ಹಳ್ಳದ ಆಚೆಗೇ ಇತ್ತು.

ನಾರಾಯಣಪೇಟೆಗೆ ಫೋನ್ ಮಾಡಿ ಅವ್ವನ ಮುಂದೆ ಗೋಳಾಡಿದೆ. ಅವ್ವ ಮಗ್ಗದ ಮೇಲೆಯೇ ಆಯುಷ್ಯ ಕಳೆದವಳು.

“ಮುಗೀಲಿಲ್ಲಂದ್ರ ಏನಾತಬೇ?” ಅಂದಳು. “ಕಡೀ ಸೀರಿ ಇಳಿಸಿದ ಮ್ಯಾಲ ನಾವು ಮಗ್ಗ ಬರೇ ಮಾಡ್ತೀವೇನು? ಗೇಣುದ್ದ ಹಳೇ ಎಳಿ ಬಿಟ್ಟಿರ್ತೀವಿ. ಹೊಸಾ ಎಳಿ ಒಂದೊಂದ ಅದಕ್ಕ ಹಚ್ಚತೀವಿ. ಎಲ್ಲಾ ಕತ್ತರಿಸಿ ಒಗದ್ರ, ಅಷ್ಟೂ ಎಳಿ ಮತ್ತ ಮೊದಲಿಂದ ಪೋಣಿಸಬೇಕಾಗತೈತಿ.”

ನೇಕಾರರ ಮನೆಯಲ್ಲಿ ಹುಟ್ಟಿಯೂ ನನಗೆ ಇದು ಹೊಳೆದಿರಲಿಲ್ಲವಲ್ಲ ಎಂದು ನನ್ನ ಮೇಲೆಯೇ ಸಿಟ್ಟು ಬಂತು. ಆ ಮಕ್ಕಳ ಪಾಲಿಗೆ ಬಂದವರೆಲ್ಲ ಹೋಗುವಾಗ ಎಳೆ ಕತ್ತರಿಸಿಯೇ ಹೋಗಿದ್ದರು. ನಾನೂ ಅದನ್ನೇ ಮಾಡುವುದರಲ್ಲಿದ್ದೆ.

ಮರುದಿನ ಒಂದು ನೋಟ್‌ಬುಕ್ ತಂದು ಪ್ರತಿ ಮಗುವಿಗೂ ಒಂದು ಪುಟ ಮಾಡಿದೆ: ಎಲ್ಲಿಯವರೆಗೆ ಬಂದಿದೆ, ಎಲ್ಲಿ ತಡವರಿಸುತ್ತದೆ. ಹೊರಡುವ ದಿನ ನನ್ನ ಸೀರೆಯ ಸೆರಗಿನಿಂದ ಕೆಂಪು ದಾರವೊಂದನ್ನು ಎಳೆದು, ಮೇಕೆಮರಿ ನಿಂತಿದ್ದ ಪುಟದಲ್ಲಿಟ್ಟು ಹುಡುಗಿಗೆ ತೋರಿಸಿದೆ. “ಇದರ ಮುಂದಿನದು ಹೊಸ ಮಿಸ್ ಜೊತೆ,” ಎಂದೆ. ಅವಳು ಪುಸ್ತಕ ಎತ್ತಿಕೊಂಡು ಒಳಗೆ ಹೋದಳು. ಬಸ್ಸಿನ ತನಕವೂ ಬರಲಿಲ್ಲ. ದಾರಿಯುದ್ದಕ್ಕೂ ನಾನು ಅಳುತ್ತಲೇ ಇದ್ದೆ.

ತಿಂಗಳಾದ ಮೇಲೆ, ನಾನು ಅವ್ವನ ಮನೆಯಲ್ಲಿದ್ದಾಗ, ಅಲ್ಲಿನ ಅಡುಗೆಯಾಕೆಯ ಫೋನಿನಿಂದ ಹುಡುಗಿಯೇ ಮಾತಾಡಿದಳು.

“ಹೊಸ ಮಿಸ್ ಸೇಬಿನ ಪುಟ ತೆಗೆದರು. ನಾನು ಆ ಪುಸ್ತಕ ಮುಚ್ಚಿ, ದಾರ ಇಟ್ಟ ಪುಟ ತೆಗೆದುಕೊಟ್ಟೆ. ಎಲ್ಲರಿಗೂ ನೋಟ್‌ಬುಕ್ ನೋಡಿಯೇ ಹೇಳಿಕೊಡಬೇಕು ಎಂದೆ. ಮಿಸ್, ಮರಿ ಹಳ್ಳ ದಾಟಿತು!”

ಮಗ್ಗದಲ್ಲಿ ಕೂತಿದ್ದ ಅವ್ವ ಕೈ ನಿಲ್ಲಿಸಿ ಕೇಳಿದಳು: “ಎಳಿ ಹತ್ತಿತೇನಬೇ?”

“ಹತ್ತಿತವ್ವಾ,” ಎಂದೆ. “ಹಚ್ಚಿದಾಕಿ ಆ ಹುಡುಗೀನ.”