ಸುಹಾಸಿನಿಯವರು ಬರೆಯದ ಪದ

ಕಂಪ್ಯೂಟರಿನ ಇಂಗ್ಲಿಷ್ ಪದಗಳಿಗೆ ಚೆಕ್ ಭಾಷೆಯಲ್ಲಿ ತಕ್ಕ ಪದ ಹುಡುಕುವುದನ್ನೇ ಇಪ್ಪತ್ತಾರು ವರ್ಷಗಳ ವೃತ್ತಿಯಾಗಿಸಿಕೊಂಡ ಕನ್ನಡತಿ ಎಂದರೆ ಶ್ರೀಮತಿ ಸುಹಾಸಿನಿಯವರೊಬ್ಬರೇ ಇರಬೇಕು. ಮೈಸೂರಿನಲ್ಲಿ ಎಂಜಿನಿಯರಿಂಗ್ ಓದಿ, ಶಿಕಾಗೋ ಪಕ್ಕದ ಬರ್ವಿನ್‌ನಲ್ಲಿ ನೆರೆಮನೆಯ ಚೆಕ್ ಅಜ್ಜಿಯಿಂದ ಆ ಭಾಷೆ ಕಲಿತ ಅವರು, ಎಲ್ಕ್ ಗ್ರೋವ್ ವಿಲೇಜಿನ ಲೋಹದ ತಗಡು ಒತ್ತುವ ಪ್ರೆಸ್ ಯಂತ್ರಗಳ ನಮ್ಮ ಕಂಪನಿಗೆ ನಾಲ್ಕು ಸಾವಿರ ಪದಗಳ ಕೋಶ ಕಟ್ಟಿಕೊಟ್ಟರು. ಕಂಪ್ಯೂಟರಿಗೆ ಚೆಕ್ಕರು 'ಪೊಚೀತಾಚ್', ಅಂದರೆ ಎಣಿಸುವಂಥದ್ದು, ಎನ್ನುತ್ತಾರೆಂದು ನನಗೆ ಹೇಳಿಕೊಟ್ಟವರೂ ಅವರೇ.

ಆಬರ್ನ್ ಹಿಲ್ಸ್‌ನ ಬೇರೊಂದು ಕಂಪನಿಯಲ್ಲಿ ನನ್ನ ಕೆಲಸ ಹೋಗಿ, ವೀಸಾ ನಿಯಮದಂತೆ ದೇಶ ಬಿಡಲು ಹದಿನೈದೇ ದಿನ ಉಳಿದಿದ್ದಾಗ, ಮ್ಯಾನೇಜರ್ ಎದುರು ಎರಡು ಬಾರಿ ಕುಳಿತು ವಾದಿಸಿ ನನ್ನನ್ನು ತಮ್ಮ ವಿಭಾಗಕ್ಕೆ ಸೇರಿಸಿಕೊಂಡರು.

ಹೋದ ವರ್ಷ ಕಂಪನಿ ಅನುವಾದವನ್ನು ತಂತ್ರಾಂಶಕ್ಕೆ ಒಪ್ಪಿಸಿತು. ಅದು ಕೊಟ್ಟದ್ದನ್ನು ಮೇಡಂ ಅವರ ಕೋಶದೊಡನೆ ಹೋಲಿಸಿ ನೋಡುವ ಕೆಲಸ ನನ್ನದು. ಯಂತ್ರದ ಪರದೆಯ 'ರಿಲೀಸ್' ಗುಂಡಿಗೆ ಅವರು 'ಉವೊಲ್ನಿತ್', ಹಿಡಿತ ಬಿಡು, ಎಂದು ಬರೆದಿದ್ದರು. ತಂತ್ರಾಂಶ 'ವಿದಾನ್ಯಿ', ಆವೃತ್ತಿ, ಎಂದಿತು. ನಾನು ಓದದೆಯೇ ಒಪ್ಪಿಗೆ ಒತ್ತಿದೆ. ಚೆಕ್ ಕಾರ್ಖಾನೆಯಲ್ಲಿ ಒಬ್ಬ ಕಾರ್ಮಿಕ, ಯಂತ್ರದ ತಂತ್ರಾಂಶದ ಆವೃತ್ತಿ ತೋರಿಸುವ ಗುಂಡಿಯೆಂದು ಅದನ್ನು ಒತ್ತಿದ. ಹಿಡಿತ ಸಡಿಲಿ ಬಿದ್ದ ಅಚ್ಚಿನಡಿ ಅವನ ಜೊತೆಗಾರನ ಎರಡು ಬೆರಳು ಹೋದವು.

ಸೋಮವಾರದ ವಿಚಾರಣೆಯಲ್ಲಿ ತಪ್ಪು ಪದಕೋಶದ್ದೆಂದು ತೀರ್ಮಾನವಾಯಿತು. ನಾನು ಆ ಕೋಣೆಯಲ್ಲೇ ಕುಳಿತಿದ್ದೆ. ಸುಹಾಸಿನಿಯವರಿಗೆ ನಿವೃತ್ತಿ ಪಡೆಯುವಂತೆ ಸೂಚಿಸಿದರು. ಶುಕ್ರವಾರ ಅವರು ಮೇಜು ಖಾಲಿ ಮಾಡುತ್ತಿದ್ದಾಗ ಹೋದೆ.

"ಮೇಡಂ, ನಾ ಹೋಗಿ ಖರೇ ಹೇಳ್ತೇನ್ರಿ."

"ಹೇಳ್ಬೇಕಿದ್ದಿದ್ದು ಸೋಮವಾರ, ಕಲ್ಮೇಶ್."

"ನೀವರ ಕೋಶ ತೋರಸಬಹುದಿತ್ತಲ್ರಿ?"

"ತೋರಿಸಿದ್ರೆ ನಿಮ್ಮ ಹೆಸರು ಬರ್ತಿತ್ತು. ಕೆಲಸ ಹೋಗೋದು, ವೀಸಾ ಹೋಗೋದು. ನಿಮ್ಮ ಮಗಳು ಈಗಷ್ಟೇ ಸ್ಕೂಲ್ ಸೇರಿದಾಳೆ." ಪೆಟ್ಟಿಗೆಗೆ ಟೇಪ್ ಅಂಟಿಸುತ್ತ, ನನ್ನ ಮುಖ ನೋಡದೆ ಅಂದರು: "ಕ್ಷಮಿಸಿದೀನಿ ಅಂತ ಮಾತ್ರ ತಿಳ್ಕೋಬೇಡಿ."

ಪೆಟ್ಟಿಗೆಯನ್ನು ಕಾರಿನವರೆಗೆ ಹೊರಲೂ ಅವರು ನನಗೆ ಬಿಡಲಿಲ್ಲ.

ಈ ಅಭಿನಂದನ ಸಂಪುಟಕ್ಕೆ ಅವರ ಸೇವೆಯ ಬಗ್ಗೆ ನಾಲ್ಕು ಒಳ್ಳೆಯ ಮಾತು ಬರೆದುಕೊಡಿ ಎಂದು ಕನ್ನಡ ಕೂಟದವರು ಕೇಳಿದರು. ನನಗೀಗ ಬೇರೆ ಕೆಲಸ ಸಿಕ್ಕಿದೆ; ಆದ್ದರಿಂದ ಇದನ್ನು ಬರೆಯುವುದರಲ್ಲಿ ಧೈರ್ಯವೇನೂ ಇಲ್ಲ. ಇದರ ಇಂಗ್ಲಿಷ್ ಪ್ರತಿಯೊಂದನ್ನು ಸಹಿ ಹಾಕಿ ಹಳೆಯ ಕಂಪನಿಗೂ ಕಳಿಸಿದ್ದೇನೆ. ಉತ್ತರ ಬಂದಿಲ್ಲ.

ಸುಹಾಸಿನಿಯವರು ಗ್ಲೆಂಡೇಲ್ ಹೈಟ್ಸ್‌ನ ಮನೆಯಲ್ಲಿ ಕುಳಿತು, ಬೆರಳು ಕಳೆದುಕೊಂಡ ಆ ಕಾರ್ಮಿಕ ಕಂಪನಿಯ ಮೇಲೆ ಹೂಡಿರುವ ದಾವೆಯ ಕಾಗದಗಳನ್ನು ಚೆಕ್‌ನಿಂದ ಇಂಗ್ಲಿಷಿಗೆ ತರುತ್ತಿದ್ದಾರೆ. ಅವರಿಗೆ ದೀರ್ಘಾಯುಷ್ಯವೂ ಕಣ್ಣಿಗೆ ಬಲವೂ ಇರಲಿ, ಆ ಕೆಲಸ ಕೊನೆಮುಟ್ಟಲಿ. ಅದರಲ್ಲಿ ಒಪ್ಪಿಗೆ ಒತ್ತಿದವನೆಂದು ನನ್ನ ಹೆಸರು ಬರುವ ಪುಟವನ್ನು ಅವರು ಒಂದಕ್ಷರವೂ ಬಿಡದೆ ಅನುವಾದಿಸಲಿ.