ನೋಡಿದ್ದಕ್ಕೇ ಬದಲಾದ ಪುಡಿ

ಬೆಳಿಗ್ಗೆ ಒಂಬತ್ತು ನಲವತ್ತಕ್ಕೆ ಅಕ್ಕ ಉಸಿರು ಬಿಗಿಹಿಡಿದು, ಬೂದುಬಣ್ಣದ ಟೈಟಾನಿಯಂ ಆಕ್ಸೈಡ್ ಪುಡಿಯನ್ನು ಗಾಜಿನ ಪಟ್ಟಿಯ ಮೇಲೆ ಹರವುತ್ತಿದ್ದಳು. ಸೀನಿದರೆ ವಾರದ ಕೆಲಸ ಗಾಳಿಪಾಲು. ಇಪ್ಪತ್ತಾರು ವರ್ಷದಿಂದ ಆ ಪ್ರಯೋಗಾಲಯದ ಟೆಕ್ನಿಷಿಯನ್. ಪ್ರೊಫೆಸರರಿಂದ ಕಾವಲುಗಾರನವರೆಗೆ ಎಲ್ಲರಿಗೂ ಅವಳು ಅಕ್ಕ.

ಪಕ್ಕದಲ್ಲಿ ಸಂಶೋಧನೆಯ ಹುಡುಗಿ ಮುಖ ಊದಿಸಿಕೊಂಡು ಕೂತಿದ್ದಳು. ಎಷ್ಟು ಜೋರಿನ ಲೇಸರ್ ಹೊಡೆತಕ್ಕೆ ಈ ಪುಡಿಯ ಹರಳುಗಳ ಒಳಜೋಡಣೆ ಬದಲಾಗುತ್ತದೆ ಎಂಬುದೇ ಅವಳ ನಾಲ್ಕು ವರ್ಷದ ಪ್ರಬಂಧ. ಬದಲಾಗಿದೆಯೇ ಎಂದು ಹೇಳುವುದು ರಾಮನ್ ಯಂತ್ರ. ಅದು ಇನ್ನೊಂದು ಲೇಸರ್ ಬೆಳಕು ಬಿಟ್ಟು, ಚದುರಿ ಬಂದದ್ದನ್ನು ಗೆರೆಯಾಗಿ ಬರೆಯುತ್ತದೆ. ಹರಳು ಬದಲಾದರೆ ಗೆರೆಯ ಶಿಖರಗಳೂ ಜಾಗ ಬದಲಿಸುತ್ತವೆ. ಈ ವಾರದೊಳಗೆ ಲೆಕ್ಕ ನೆಟ್ಟಗಾಗದಿದ್ದರೆ ವಿಷಯವನ್ನೇ ಬಿಡು ಎಂದಿದ್ದರು ಪ್ರೊಫೆಸರ್.

"ಅಕ್ಕಾ, ಎಷ್ಟು ಮೆಲ್ಲಗೆ ಹೊಡೆದ್ರೂ ಬದಲಾಗ್ತಿದೆ. ಈ ಪುಡಿಗೆ ನನ್ನ ಮೇಲೆ ಏನೋ ಹಗೆ."

"ಹೊಡೆಯದೇ ಇರೋ ಜಾಗ ನೋಡಿದ್ಯಾ?"

"ಹೊಡೆಯದೇ ಇದ್ರೆ ಅಲ್ಲಿ ನೋಡೋಕೇನಿದೆ?"

ಅಕ್ಕ ಆ ಜಾಗವನ್ನೇ ಯಂತ್ರದಡಿ ಇಟ್ಟಳು. ಅಲ್ಲೂ ಬದಲಾದ ಶಿಖರ. ಅಕ್ಕನಿಗೆ ನಗು ಬಂತು.

"ನಮ್ಮನೆಯವರು ಹಣ್ಣು ಮಾಗಿದೆಯಾ ಅಂತ ಗಳಿಗೆಗೊಂದು ಸಲ ಅಮುಕಿ ನೋಡ್ತಾರೆ. ಸಂಜೆಗೆ 'ನೋಡೇ, ಮೆತ್ತಗಾಗಿದೆ' ಅಂತಾರೆ. ನಿನ್ನ ಯಂತ್ರಾನೂ ಅವರ ಪೈಕಿನೇ."

ಗೆರೆ ಅಂದವಾಗಿ ಬರಲಿ ಎಂದು ಹುಡುಗಿ ಅಳೆಯುವ ಬೆಳಕನ್ನು ತುದಿಯವರೆಗೆ ಏರಿಸಿಟ್ಟಿದ್ದಳು. ಆ ಕಾವಿಗೇ ಹರಳು ಮಗ್ಗುಲು ಬದಲಿಸಿತ್ತು.

"ಅಂದ್ರೆ ನಾಲ್ಕು ವರ್ಷ ನೀರಲ್ಲಿ ಹೋಮ."

"ಅಳು ಆಮೇಲೆ. ಮೊದಲು ಫಿಲ್ಟರ್ ಕೊಡು."

ಬೆಳಕನ್ನು ಒಂದೊಂದೇ ಮೆಟ್ಟಿಲು ಇಳಿಸುತ್ತ, ಪ್ರತಿ ಸಲ ಹೊಸ ಜಾಗದಲ್ಲಿ ಎರಡೆರಡು ಬಾರಿ ಅಳೆದರು. ಎರಡು ಗೆರೆಗಳು ಕೂದಲೆಳೆಯಷ್ಟೂ ಬೇರೆಯಾಗದೆ ಒಂದರ ಮೇಲೊಂದು ಕೂತದ್ದು ಊಟದ ಹೊತ್ತು ಮೀರಿದ ಮೇಲೆ; ಅಂದರೆ ಮೊದಲ ಅಳತೆ ಹರಳನ್ನು ಕೆಣಕಿರಲಿಲ್ಲ. ಆ ಮಂದ ಬೆಳಕಿನಲ್ಲಿ, ಹೊಸದಾಗಿ ಹರವಿದ ಪುಡಿಯ ಮೇಲೆ ಎಲ್ಲ ಹೊಡೆತಗಳನ್ನೂ ಮತ್ತೆ ಪರೀಕ್ಷಿಸಿದರು. ಮೆಲು ಹೊಡೆತಕ್ಕೆ ಹರಳು ಜಪ್ಪಯ್ಯ ಅನ್ನಲಿಲ್ಲ; ಜೋರಿನದಕ್ಕೆ ಮಾತ್ರ ಮಣಿಯಿತು. ಪ್ರಬಂಧ ಬದುಕಿತು.

ಮೌಖಿಕ ಪರೀಕ್ಷೆಯ ದಿನ ಹೊರಗಿನಿಂದ ಬಂದ ಪರೀಕ್ಷಕರು ಕನ್ನಡಕ ಕೆಳಗಿಳಿಸಿ ಕೇಳಿದರು: "ಅಳೆಯೋ ಬೆಳಕೇ ಹರಳನ್ನು ಕೆಡಿಸಲ್ಲ ಅಂತ ಏನಮ್ಮ ನಂಬಿಕೆ? ಎಷ್ಟರಲ್ಲಿ ಅಳೆದೆ?"

ಹುಡುಗಿ ಗೊತ್ತಿದ್ದ ಅಂಕಿಗೇ ಪ್ರಬಂಧದ ಹಾಳೆ ತಿರುವಿ ಹುಡುಕತೊಡಗಿದಳು. ಪ್ರೊಫೆಸರ್ ಮೇಜು ನೋಡಿದರು. ಹಿಂದಿನ ಸಾಲಿನಲ್ಲಿ ಪ್ರೊಜೆಕ್ಟರ್ ಕಾಯುತ್ತಿದ್ದ ಅಕ್ಕ, ತನ್ನನ್ನು ಯಾರೂ ಕೇಳಿಲ್ಲ ಎಂದು ಗೊತ್ತಿದ್ದೂ, ಎದ್ದು ನಿಂತು ಹೇಳಿದಳು:

"ಅರ್ಧ ಮಿಲಿವ್ಯಾಟ್, ಸಾರ್."